ಮೂರು ವರ್ಷದ ಅನ್ನ ಯಾರದು?

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಿಂದ ಬಂದಿರುವ ವಕೀಲ ಮಿತ್ರರೇ, ಗೋಡೆಗೊರಗಿ ನಿಂತಿರುವ ಜೂನಿಯರ್‌ಗಳೇ, ಮುಂದೆ ಕುರ್ಚಿ ಖಾಲಿ ಇವೆ, ಬಂದು ಕೂಡಿರಿ.

‘ಲಾ ಫರ್ಮ್‌ನಲ್ಲಿ ಹೊಸ ಪದವೀಧರರು’ ಎಂದು ಈ ಸಭೆಯ ಆಹ್ವಾನ ಪತ್ರಿಕೆಯಲ್ಲಿದೆ. ಫರ್ಮ್ ಇರುವುದು ಹೈದರಾಬಾದಿನಲ್ಲಿ. ನಮ್ಮಲ್ಲಿರುವುದು ಸೀನಿಯರ್‌ರ ಆಫೀಸು. ಅಲ್ಲಿ ಜೂನಿಯರ್‌ನ ಕೆಲಸವೆಂದರೆ ಬೆಳಿಗ್ಗೆ ಫೈಲು ಹೊರುವುದು, ಪೇಶಿ ಮುಂದೂಡಿಸಲು ನಿಲ್ಲುವುದು, ಸಂಜೆ ಡೈರಿ ಬರೆಯುವುದು. ‘ಕೆಲಸ ಕಲೀತಾನಲ್ಲ, ಅದೇ ಪಗಾರ’ ಎಂದೆವು. ಅದನ್ನು ಗುರುಪರಂಪರೆ ಎಂದು ಹೊಗಳಿಕೊಂಡೆವು. ವೃತ್ತಿ ದಾರಿ ತಪ್ಪಿದ್ದು ಅಲ್ಲೇ ಎಂಬುದು ನನ್ನ ಹಳೆಯ ಹಟ.

ನಮ್ಮ ಜೂನಿಯರ್‌ನ ಕೆಲಸ ಎಂಥದೆಂದು ನೋಡಿರಿ. 1956ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಇಂದಿಗೂ ಹೊಲದ ತಕರಾರು ಬಂದರೆ ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿ, ಸಾಕ್ಷಿಯ ಹೇಳಿಕೆ ತೆಲುಗಿನಲ್ಲಿ, ಕೃಷ್ಣಾ ಮಂಡಲದ ಕಕ್ಷಿದಾರರ ಗೋಳು ಕನ್ನಡದಲ್ಲಿ. ಇವನ್ನು ಕೂಡಿಸುವುದು ಬಹಳ ಸಲ ಜೂನಿಯರ್. ಅಂಥ ಒಬ್ಬ ಹುಡುಗಿಗೆ ಕೃಷ್ಣಾ ಕಡೆಯ ಮುದುಕಿಯೊಬ್ಬರು ನನ್ನೆದುರೇ ಕೇಳಿದರು: ‘ನಿಂಗ ಪಗಾರ ಎಷ್ಟ್ ಕೊಡ್ತಾರವ್ವಾ?’ ಹುಡುಗಿ ನಕ್ಕಳು. ಅವಳ ಸೀನಿಯರ್ ಫೈಲಿನಲ್ಲಿ ಏನನ್ನೋ ಹುಡುಕತೊಡಗಿದರು.

ಪಗಾರವಿಲ್ಲದ ಈ ದುಡಿಮೆಗೆ ಕೋರ್ಟಿನ ಷರತ್ತೂ ಸೇರಿದೆ. ನಮ್ಮ ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗದ ಶಿಫಾರಸನ್ನು ಒಪ್ಪಿ ಸುಪ್ರೀಂ ಕೋರ್ಟು 2002ರಲ್ಲಿ, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಬೇಕೆಂಬ ಷರತ್ತನ್ನು ತೆಗೆಯಿತು. 2025ರ ಮೇ ತಿಂಗಳಲ್ಲಿ ಅದೇ ಷರತ್ತನ್ನು ಮರಳಿ ತಂದಿತು. ಆ ತೀರ್ಪಿನಂತೆ ಹತ್ತು ವರ್ಷ ವೃತ್ತಿಯಲ್ಲಿರುವ ವಕೀಲರು ಅನುಭವದ ಪ್ರಮಾಣಪತ್ರ ಕೊಡಬಹುದು, ನ್ಯಾಯಾಧೀಶರು ಅದನ್ನು ದೃಢೀಕರಿಸಬೇಕು. ಅನುಭವ ಬೇಕೇ ಬೇಕು, ಒಪ್ಪಿದೆ. ಆದರೆ ಸೀನಿಯರ್‌ರ ಸಹಿಗೆ ಬೆಲೆ ಏರಿತು, ಜೂನಿಯರ್‌ರ ದುಡಿಮೆಗೆ ಏರಲಿಲ್ಲ.

ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಶಿಷ್ಯವೇತನ ಕೊಡಿರೆಂದಿತು. ಅದು ಸಲಹೆ, ಕಡ್ಡಾಯವಲ್ಲ. ಕಡ್ಡಾಯ ಮಾಡಿದರೆ? ಬಾಡಿಗೆ ಕಟ್ಟಲು ಒದ್ದಾಡುವ ನಮ್ಮೂರ ಸೀನಿಯರ್ ಜೂನಿಯರ್ ಬೇಡವೆಂದಾರು. ಮೊದಲು ಬಾಗಿಲು ಮುಚ್ಚುವುದು ಮನೆಯಲ್ಲಿ ವಕೀಲರೇ ಇಲ್ಲದ ಬಡ ಮಕ್ಕಳಿಗೆ. ನೆರೆಯ ಆಂಧ್ರದಲ್ಲಿ ಸರ್ಕಾರ 2019ರಲ್ಲಿ ತಿಂಗಳಿಗೆ 5,000 ರೂಪಾಯಿಯ ಯೋಜನೆ ತಂದಿತ್ತು. ಹಾಗಾದರೆ ಈ ಮೂರು ವರ್ಷದ ಅನ್ನ ಯಾರದು? ಸೀನಿಯರ್‌ರದೋ, ವಕೀಲರ ಸಂಘದ್ದೋ, ಸರ್ಕಾರದ್ದೋ? ನನಗಿನ್ನೂ ಬಗೆಹರಿದಿಲ್ಲ. ತಂದೆಯ ಹೊಲದ್ದಂತೂ ಆಗಬಾರದು.

ಅದು ಬಗೆಹರಿಯುವವರೆಗೆ ಒಂದು ಬೇಡಿಕೆ. ಪ್ರಮಾಣಪತ್ರದಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯೋಣ: ಈ ಜೂನಿಯರ್‌ಗೆ ನಾನು ತಿಂಗಳಿಗೆ ಇಷ್ಟು ಕೊಟ್ಟಿದ್ದೇನೆ. ಈ ಸಭೆಯ ಸಂಜೆಯ ನಿರ್ಣಯದಲ್ಲಿ ಇದನ್ನು ಸೇರಿಸಿರಿ. ಚರ್ಚೆಯಲ್ಲಿ ಮೊದಲ ಮಾತು ಜೂನಿಯರ್‌ಗಳದಾಗಲಿ.