ರಾಜ್ಯೋತ್ಸವಕ್ಕೆ ಕತ್ತರಿ ಹಾಕುವ ತಾಣಗಳು

(ನಿಲಾಯ್‌ನಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)



ನಾವು ಕೂತಿರುವ ಊರಿನ ಹೆಸರಿನಿಂದಲೇ ಶುರು ಮಾಡುತ್ತೇನೆ. ನಿಲಾಯ್. ನಮ್ಮ ಕಿವಿಗೆ ಮೂರೇ ಅಕ್ಷರ: ನಿ, ಲಾ, ಯ್. ಕಂಪ್ಯೂಟರಿಗೆ ಮಾತ್ರ ಆರು ಸಂಕೇತ: ನ, ಗುಡಿಸು, ಲ, ಇಳಿ, ಯ, ಕೊನೆಗೊಂದು ಹಲಂತ. ಐದಕ್ಕೆ ನಿಲ್ಲಿಸು ಅಂದರೆ ಹಲಂತ ಉದುರಿ ಊರಿನ ಹೆಸರು 'ನಿಲಾಯ' ಆಗುತ್ತೆ. ಇದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಐದು ಅಕ್ಷರ, ಐದೇ ಸಂಕೇತ. ಮಲಯ್ ನುಡಿಯ ತಾಣಗಳೂ ಹೆಚ್ಚಾಗಿ ಅದೇ ಲಿಪಿಯಲ್ಲಿರುವುದರಿಂದ ಇಲ್ಲಿನವರಿಗೆ ಈ ತಲೆನೋವಿಲ್ಲ.

ತಲೆನೋವು ನಮಗೆ ಹೇಗೆ ಬಂತು ಅಂತ ಹೇಳುತ್ತೇನೆ. ನಾನು ಕೈಜೋಡಿಸಿದ್ದ ಒಂದು ಕನ್ನಡ ಸಂಘದ ತಾಣದ ಮುಖಪುಟದಲ್ಲಿ ಕಾರ್ಯಕ್ರಮಗಳ ಪಟ್ಟಿ ಇತ್ತು. ಜಾಗ ಕಡಿಮೆ ಅಂತ ಶೀರ್ಷಿಕೆಗಳಿಗೆ ಇಷ್ಟೇ ಅಕ್ಷರ ಅಂತ ಮಿತಿ ಹಾಕಿದ್ದೆವು. ನವೆಂಬರಿನಲ್ಲಿ ನೋಡಿದರೆ 'ರಾಜ್ಯೋತ್...' ಅಂತ ಅರ್ಧಕ್ಕೇ ನಿಂತಿದೆ! ಸಮಿತಿಯವರು ಏನಂದರು ಗೊತ್ತೇ? "ಕನ್ನಡ ಹಾಕಿದ್ರೆ ಪುಟ ಕೆಡುತ್ತೆ ಮಾರಾಯ್ರೇ, ಶೀರ್ಷಿಕೆ ಇಂಗ್ಲಿಷ್‌ನಲ್ಲೇ ಇರಲಿ." ಯಾರಿಗೂ ಕನ್ನಡದ ಮೇಲೆ ದ್ವೇಷ ಇರಲಿಲ್ಲ. ಆದರೂ ಕನ್ನಡ ಸಂಘದ ಮುಖಪುಟದಿಂದ ಕನ್ನಡ ಹೊರಗೆ ಹೋಯಿತು. ತಪ್ಪು ತಂತ್ರಾಂಶದ್ದು, ಶಿಕ್ಷೆ ನುಡಿಗೆ!

ಆ ತಾಣ ನಡೆಯುತ್ತಿದ್ದದ್ದು ಡ್ರೂಪಲ್ ಮೇಲೆ. ಕನ್ನಡಕ್ಕೆ ಡ್ರೂಪಲ್ ಹೊಸದಲ್ಲ, 2005ರಲ್ಲಿ ಹರಿಪ್ರಸಾದ್ ನಾಡಿಗರು ಶುರು ಮಾಡಿದ 'ಸಂಪದ' ಕೂಡ ಅದರ ಮೇಲೇ ನಡೆದ ತಾಣ. ಡ್ರೂಪಲ್‌ನಲ್ಲಿ ವ್ಯೂಸ್ ಅಂತ ಒಂದು ಭಾಗ ಇದೆ. ಮೊದಲು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು, 2015ರ ಡ್ರೂಪಲ್ 8ರಿಂದ ಒಳಗೇ ಬರುತ್ತೆ. ಯಾವ ಬರಹಗಳನ್ನು ಆರಿಸಬೇಕು, ಯಾವ ಕ್ರಮದಲ್ಲಿ ಜೋಡಿಸಬೇಕು, ಹೇಗೆ ತೋರಿಸಬೇಕು ಅನ್ನುವ ಮೂರು ಕೆಲಸವನ್ನೂ ಅದು ಮಾಡುತ್ತೆ. ಇದರ ದೊಡ್ಡ ಗುಣ ಅಂದರೆ, ಈ ಪ್ರತಿಯೊಂದು ಕೆಲಸಕ್ಕೂ ನಮ್ಮದೇ ಪ್ಲಗಿನ್ ಬರೆದು ಸೇರಿಸಬಹುದು. ಮೂಲ ಕೋಡ್ ಮುಟ್ಟಲೇಬಾರದು. ಮುಟ್ಟಿದರೆ ಮುಂದಿನ ಅಪ್‌ಡೇಟಿನಲ್ಲಿ ನಿಮ್ಮ ಶ್ರಮ ಅಳಿಸಿಹೋಗುತ್ತೆ. ಪುಟ್ಟದೊಂದು ಮಾಡ್ಯೂಲ್ ಮಾಡಿ, ಅದರೊಳಗೆ ಪ್ಲಗಿನ್ ಇಡಿ.

ಮೊದಲನೆಯದು ಕತ್ತರಿಸುವ ಕೆಲಸ. ವ್ಯೂಸ್ ಎಣಿಸುವುದು ಸಂಕೇತಗಳನ್ನು, ಅಕ್ಷರಗಳನ್ನಲ್ಲ. 'ರಾಜ್ಯೋತ್ಸವ' ನಮಗೆ 4 ಅಕ್ಷರ, ಅದಕ್ಕೆ 10. ಎಂಟಕ್ಕೆ ಕತ್ತರಿಸಿದರೆ 'ರಾಜ್ಯೋತ್', ನಾಲ್ಕಕ್ಕೆ ಕತ್ತರಿಸಿದರೆ 'ರಾಜ್'! 'ಸ್ವಾತಂತ್ರ್ಯ' 3 ಅಕ್ಷರ, ಸಂಕೇತ 11. ಹಾಗಾಗಿ ಒಂದೇ ಮಿತಿಯಲ್ಲಿ ಇಂಗ್ಲಿಷಿಗೆ ಸಿಗುವಷ್ಟು ಜಾಗ ಕನ್ನಡಕ್ಕೆ ಸಿಗುವುದಿಲ್ಲ. ಪದದ ಗಡಿಯಲ್ಲೇ ಕತ್ತರಿಸು ಅನ್ನುವ ಆಯ್ಕೆ ಇದೆ ನಿಜ. ಆದರೆ ನಮ್ಮದು ಪದಕ್ಕೆ ಪದ, ಪ್ರತ್ಯಯ ಅಂಟಿಸಿಕೊಂಡು ಉದ್ದವಾಗುವ ನುಡಿ. 'ರಾಜ್ಯೋತ್ಸವದಂದು' ಪೂರ್ತಿ ಮಾಯವಾದರೆ ಶೀರ್ಷಿಕೆಯಲ್ಲಿ ಉಳಿಯುವುದೇನು?

ಪಿಎಚ್‌ಪಿಯಲ್ಲಿ ಗ್ರಾಫೀಮ್ ಎಣಿಸುವ ಸೌಲಭ್ಯ ಇದೆಯಲ್ಲ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಅದು ಕಾಗುಣಿತವನ್ನು ಒಡೆಯುವುದಿಲ್ಲ, ಒತ್ತಕ್ಷರವನ್ನು ಒಡೆಯುತ್ತೆ: ರಾ, ಜ್, ಯೋ, ತ್, ಸ, ವ. ಇದಕ್ಕೆ ಕಾರಣ ಯೂನಿಕೋಡ್ ನಿಯಮ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯಬಾರದು ಅನ್ನುವ ಹೊಸ ನಿಯಮ ಸೇರಿತು. ಯಾವ ಲಿಪಿಗಳಿಗೆ? ದೇವನಾಗರಿ, ಬೆಂಗಾಲಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ! ಪಕ್ಕದ ಮನೆಯ ತೆಲುಗಿನ ಒತ್ತಕ್ಷರ ಉಳಿಯಿತು, ನಮ್ಮದು ಒಡೆಯಿತು.

ಆದ್ದರಿಂದ ನಿಯಮವನ್ನು ನಾವೇ ಬರೆಯಬೇಕು. ಅದೇನು ಬ್ರಹ್ಮವಿದ್ಯೆಯಲ್ಲ. ಒಂದು ವ್ಯಂಜನ, ಅದರ ಹಿಂದೆ ಹಲಂತ ಮತ್ತು ವ್ಯಂಜನದ ಜೋಡಿ ಎಷ್ಟಿದ್ದರೂ ಸರಿ, ಆಮೇಲೆ ಸ್ವರದ ಗುರುತು ಅಥವಾ ಕೊನೆಯ ಹಲಂತ, ಆಮೇಲೆ ಅನುಸ್ವಾರ ವಿಸರ್ಗ ಇದ್ದರೆ ಅದೂ. ಇಷ್ಟು ಸೇರಿ ಒಂದು ಅಕ್ಷರ. ಎರಡು ಕಡೆ ಎಚ್ಚರ ಬೇಕು. 'ಫೇಸ್‌ಬುಕ್' ಬರೆಯುವಾಗ ಸ್ ಆದಮೇಲೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಗುರುತು ಇರುತ್ತೆ, ಅಲ್ಲಿ ಅಕ್ಷರ ಮುಗಿಯಬೇಕು. 'ರ‍್ಯಾಂಕ್' ಬರೆಯುವಾಗ ರ ಆದಮೇಲೆ ಕಾಣದ ಕೂಡಿಸುವ ಗುರುತು ಇರುತ್ತೆ, ಅಲ್ಲಿ ಒಡೆಯಬಾರದು. ವ್ಯೂಸ್‌ನ ಫೀಲ್ಡ್ ಕ್ಲಾಸನ್ನು ವಿಸ್ತರಿಸಿ, ಅದರ ಕತ್ತರಿಯನ್ನು ಆಫ್ ಮಾಡಿ, ತೋರಿಸುವ ಹೊತ್ತಿಗೆ ನಮ್ಮ ನಿಯಮ ಓಡಿಸಿ. ಮಿತಿಯೊಳಗೆ ಪದದ ಗಡಿ ಹತ್ತಿರದಲ್ಲಿದ್ದರೆ ಅಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ಮಾತ್ರ ಅಕ್ಷರದ ಗಡಿ. ಯಾಕೆಂದರೆ ಅಕ್ಷರ ಸರಿಯಾಗಿ ಕತ್ತರಿಸಿದರೂ 'ಕನ್ನಡ' ಹೋಗಿ 'ಕನ್ನ' ಆಗಬಹುದು ಕಣ್ರೀ!

ಎರಡನೆಯದು ಜೋಡಿಸುವ ಕೆಲಸ. ಡೇಟಾಬೇಸ್ ಬರೀ ಸಂಕೇತದ ಸಂಖ್ಯೆ ನೋಡಿ ಜೋಡಿಸಿದರೆ ಳ ಅನ್ನುವುದು ಲ ಆದ ಕೂಡಲೇ, ವ ಬರುವ ಮೊದಲೇ ಬಂದುಬಿಡುತ್ತೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದಮೇಲೆ. ಸದಸ್ಯರ ಪಟ್ಟಿಯಲ್ಲಿ 'ಮಹೇಶ್' ಅವರಿಗಿಂತ 'ಮಳಲಿ' ಮೊದಲು ಬಂದರೆ ಕಾರಣ ಇದೇ. ಬರಹ ಉಳಿಸುವಾಗಲೇ ಪ್ರತಿ ಅಕ್ಷರಕ್ಕೂ ವರ್ಣಮಾಲೆಯ ಸ್ಥಾನ ಹೇಳುವ ಎರಡಂಕಿಯ ಕೀ ಮಾಡಿ, ಬೇರೆ ಫೀಲ್ಡಿನಲ್ಲಿಡಿ. ವ್ಯೂಸ್‌ಗೆ ಆ ಫೀಲ್ಡಿನ ಮೇಲೆ ಜೋಡಿಸಲು ಹೇಳಿ. ಪುಟ ತೆರೆದಾಗಲೆಲ್ಲ ಲೆಕ್ಕ ಮಾಡುವ ಭಾರವೂ ತಪ್ಪುತ್ತೆ.

ಗೆಳೆಯರೇ, ಇದಿಷ್ಟು ಒಂದೆರಡು ವಾರಾಂತ್ಯದ ಕೆಲಸ. ನಮ್ಮಲ್ಲಿ ಎಷ್ಟೋ ಜನ ಹಗಲೆಲ್ಲ ಯಾವ್ಯಾವುದೋ ದೇಶದ ಗ್ರಾಹಕರಿಗೆ ಇಂಥದ್ದೇ ಪ್ಲಗಿನ್ ಬರೆಯುತ್ತೇವೆ. ಅವರ ತಾರೀಖಿನ ರೂಪ, ಅವರ ನಾಣ್ಯದ ಗುರುತು ತಪ್ಪಿದರೆ ರಾತ್ರಿಯೆಲ್ಲ ಕೂತು ಸರಿಮಾಡುತ್ತೇವೆ. ನಮ್ಮ ನುಡಿ ತಪ್ಪಿದರೆ ಮಾತ್ರ "ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುತ್ತೇವೆ. ಇದು ಬದಲಾಗಬೇಕು.

ನನ್ನ ಕೋರಿಕೆ ಮೂರು. ಬರೆದ ಮಾಡ್ಯೂಲನ್ನು ನಿಮ್ಮ ಸಂಘದ ತಾಣದಲ್ಲೇ ಮುಚ್ಚಿಡಬೇಡಿ, ಎಲ್ಲ ಕನ್ನಡ ತಾಣಗಳಿಗೂ ಸಿಗುವಂತೆ ಮುಕ್ತವಾಗಿ ಹಂಚಿ. ಜೊತೆಗೆ ಪರೀಕ್ಷೆಯ ಪದಗಳ ಪಟ್ಟಿ ಇಡಿ: ರಾಜ್ಯೋತ್ಸವ, ಸ್ವಾತಂತ್ರ್ಯ, ಫೇಸ್‌ಬುಕ್, ರ‍್ಯಾಂಕ್. ಮೂರನೆಯದಾಗಿ, ಯೂನಿಕೋಡ್ ಸಾರ್ವಜನಿಕರ ಅಭಿಪ್ರಾಯ ಸ್ವೀಕರಿಸುತ್ತೆ, ಉದಾಹರಣೆಗಳ ಸಮೇತ ಬರೆಯಿರಿ. ಬೈದರೆ ಪಟ್ಟಿಗೆ ಹೆಸರು ಸೇರುವುದಿಲ್ಲ, ಪುರಾವೆ ಕೊಟ್ಟರೆ ಸೇರುತ್ತೆ.

ಮಲಯ್ ನುಡಿಯಲ್ಲಿ ನಿಲಾಯ್ ಅಂದರೆ ಬೆಲೆ, ಮೌಲ್ಯ. ನಮ್ಮ ಅಕ್ಷರಕ್ಕೆ ಬೆಲೆ ಕಟ್ಟುವ ಕೆಲಸ ಈ ಊರಿನಿಂದಲೇ ಶುರುವಾಗಲಿ. ಮುಂದಿನ ನವೆಂಬರಿಗೆ ನಮ್ಮ ಮುಖಪುಟದಲ್ಲಿ 'ರಾಜ್ಯೋತ್ಸವ' ಪೂರ್ತಿಯಾಗಿ, ಕನ್ನಡದಲ್ಲೇ ಕಾಣಲಿ.

ಸಿರಿಗನ್ನಡಂ ಗೆಲ್ಗೆ!