ಕಾದಂಬರಿಕಾರ ರಣಭೂಮಿಗೆ ಹೋದದ್ದು



ಕಾದಂಬರಿಯೆಂದರೆ ಕಟ್ಟುಕಥೆ, ಅದಕ್ಕೆ ಇತಿಹಾಸದ ಶೋಧನೆ ಏತಕ್ಕೆ ಎಂದು ನಮ್ಮಲ್ಲಿ ಹಲವರು ಕೇಳುವುದುಂಟು. ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯನ್ನೇ ನೋಡೋಣ. 1863ರಲ್ಲಿ ಆರಂಭವಾದ ಆ ಕೃತಿಯ ಕರಡು ಒಮ್ಮೆ ಮುಗಿದಿತ್ತು. ಅದನ್ನು ತಿದ್ದಿ ಬರೆಯುತ್ತಿದ್ದಾಗ, 1867ರ ಸೆಪ್ಟೆಂಬರಿನಲ್ಲಿ, ಅವರು ಮಾಸ್ಕೋದಿಂದ ಬೊರೊಡಿನೊಗೆ ಹೊರಟರು. 1812ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೂ ರಷ್ಯನ್ನರಿಗೂ ಘೋರ ಕಾಳಗ ನಡೆದ ಬಯಲು ಅದು.

ಗ್ರಂಥಗಳಿಗೇನೂ ಕೊರತೆಯಿರಲಿಲ್ಲ. ಆದರೆ ಸೇನಾಪತಿಗಳ ವರದಿಯಲ್ಲಿ ಎಲ್ಲವೂ ಅಪ್ಪಣೆಯಂತೆಯೇ ನಡೆದಿರುತ್ತದೆ. (ಗಿರಣಿಯ ವಾರ್ಷಿಕ ವರದಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಎರಡು ದಿನ ಬಯಲನ್ನು ಸುತ್ತಿದರು, ನಕ್ಷೆ ಬರೆದುಕೊಂಡರು, ಕಾಳಗ ಕಂಡ ಮುದುಕರನ್ನು ಹುಡುಕಿದರು. ಸ್ಮಾರಕದ ಕಾವಲಿಗಿದ್ದ ಹಳೆಯ ಸಿಪಾಯಿ ಕೆಲವು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದ! ಉಳಿದದ್ದು ನೆಲ ಮತ್ತು ಬೆಳಕು. ಬೆಳಗಿನ ಬಿಸಿಲು ಫ್ರೆಂಚರ ಕಣ್ಣಿಗೆ ಹೊಡೆಯುತ್ತಿತ್ತೆಂದು ಗುರುತು ಹಾಕಿಕೊಂಡರು. ಕಥೆಯ ಪಿಯೇರ್ ದಿಬ್ಬದ ಮೇಲೆ ನಿಂತಾಗ ಎಡಹಿಂದಿನಿಂದ ಓರೆಯಾಗಿ ಬೀಳುವ ಬಿಸಿಲು ಅದೇ.

ಅದಕ್ಕಿಂತ ದೊಡ್ಡದು ಇನ್ನೊಂದು. ರಷ್ಯನ್ ಸೇನಾನಿಗಳು ಆ ಸ್ಥಳವನ್ನು ಮೊದಲೇ ಆರಿಸಿ ಭದ್ರಪಡಿಸಿದ್ದರೆಂದು ಇತಿಹಾಸಕಾರರು ಬರೆದಿದ್ದರು. ಶೆವಾರ್ಡಿನೊ ದಿಬ್ಬ ಕೈಬಿಟ್ಟ ಮೇಲೆ ಸೈನ್ಯ ಬಹುಮಟ್ಟಿಗೆ ತೆರೆದ ನೆಲದಲ್ಲೇ ಹೋರಾಡಬೇಕಾಯಿತೆಂದು ಟಾಲ್‌ಸ್ಟಾಯ್ ವಾದಿಸಿ, ಕಾದಂಬರಿಯೊಳಗೇ ನಕ್ಷೆ ಹಾಕಿಸಿದರು. ಹಾಗಾದರೆ ಆ ದಿನವನ್ನು ತಡೆದು ನಿಂತದ್ದು ಯಾರ ಜಾಣತನ? ಸಾಲಿನಲ್ಲಿ ನಿಂತು ಸತ್ತ ರೈತಮಕ್ಕಳದೇ ಹೊರತು ಡೇರೆಯಲ್ಲಿದ್ದವರದಲ್ಲ.

ಬೊರೊಡಿನೊದಲ್ಲಿ ಕಾಲು ಕಳೆದುಕೊಂಡಿದ್ದ ನೊರೊವ್ 1868ರಲ್ಲೇ ಸಿಟ್ಟಿನಿಂದ ಪ್ರತಿಭಟಿಸಿದರು. ಕಾಲು ಕೊಟ್ಟವರ ಮಾತನ್ನು ನಾವು ಹಗುರವಾಗಿ ತಳ್ಳಲಾರೆವು. ಆದರೂ ನಮ್ಮ ಮತ ಟಾಲ್‌ಸ್ಟಾಯ್ ಅವರಿಗೇ.