ಬಟ್ಟೆಯ ಅಳತೆ ಹಿಡಿಯುವ ಪಕ್ಷಗಳು

(ಗಿರಣಿ ಕಾರ್ಮಿಕರು ಮತ್ತು ಪೇಟೆಯ ವರ್ತಕರು ಕೂಡಿ ಕರೆದಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು, ಅಂಗಡಿ ಬಾಡಿಗೆಯ ಮಾತು, ತೆರಿಗೆಯ ಮಾತು ಆಡೆಂದರೆ ನಮ್ಮ ನಾಲಿಗೆ ಸಲೀಸಾಗಿ ಹೊರಳುತ್ತದೆ. ಇಂದು ತಾವು ಕೊಟ್ಟಿರುವ ವಿಷಯ ಅಂಥದಲ್ಲ. ಹರೆಯಕ್ಕೆ ಕಾಲಿಟ್ಟ ಮಕ್ಕಳು ತೊಡುವ ಬಟ್ಟೆ, ಅವರಿಗೆ ಶಾಲೆಯಲ್ಲಿ ಹೇಳಬೇಕಾದ ಮೈಯ ಪಾಠ, ಇವೆರಡರ ಮೇಲೆ ರಾಜಕೀಯ ಪಕ್ಷಗಳು ನಡೆಸಿರುವ ಕಾದಾಟವೇ ಇಂದಿನ ವಿಷಯ. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಿರಿ. ನಗು ಮುಗಿದ ಮೇಲೆ ತಮ್ಮ ಮನೆಯಲ್ಲಿರುವ ಹದಿಮೂರು ವರ್ಷದ ಮಗಳನ್ನೊಮ್ಮೆ ನೆನೆದುಕೊಳ್ಳಿ.

ಮೊದಲು ಬಟ್ಟೆಯ ಸಂಗತಿ. 2009ರ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿಗೆ ನುಗ್ಗಿದ ಶ್ರೀರಾಮ ಸೇನೆಯವರು ಅಲ್ಲಿದ್ದ ಹೆಣ್ಣುಮಕ್ಕಳನ್ನು ಎಳೆದಾಡಿ ಹೊಡೆದರು. 2021ರ ಮಾರ್ಚಿಯಲ್ಲಿ ಉತ್ತರಾಖಂಡದ ಅಂದಿನ ಮುಖ್ಯಮಂತ್ರಿ ತೀರಥ್ ಸಿಂಗ್ ರಾವತ್ ಅವರು ಹರಿದ ಜೀನ್ಸ್ ತೊಟ್ಟ ಹೆಂಗಸು ಮಕ್ಕಳಿಗೆ ಯಾವ ಸಂಸ್ಕಾರ ಕೊಟ್ಟಾಳು ಎಂಬ ಅರ್ಥದ ಮಾತಾಡಿದರು. ವಿರೋಧಿಗಳು ಜೀನ್ಸ್ ತೊಟ್ಟು ಚಿತ್ರ ತೆಗೆಸಿಕೊಂಡು ಉತ್ತರ ಕೊಟ್ಟರು. 2022ರಲ್ಲಿ ನಮ್ಮದೇ ಉಡುಪಿಯ ಪದವಿಪೂರ್ವ ಕಾಲೇಜಿನಿಂದ ಹೊರಟ ಹಿಜಾಬ್ ವಿವಾದ ರಾಜ್ಯವನ್ನೆಲ್ಲ ಆವರಿಸಿತು. ಒಂದು ಕಡೆ ತಲೆವಸ್ತ್ರ, ಇನ್ನೊಂದು ಕಡೆ ಕೇಸರಿ ಶಾಲು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ದೊಡ್ಡವರ ಜಗಳ ಕೋರ್ಟಿನಲ್ಲಿ ನಡೆಯುತ್ತಿರುವಾಗ ತರಗತಿಯ ಬಾಗಿಲಲ್ಲಿ ನಿಂತವರು ಹದಿನಾರು ಹದಿನೇಳರ ಹುಡುಗಿಯರು.

ಇವು ಮೂರೂ ಒಂದೇ ತೂಕದವೆಂದು ನಾವು ಹೇಳುತ್ತಿಲ್ಲ. ಆದರೆ ಮೂರರಲ್ಲೂ ಒಂದು ಸಮಾನ ಅಂಶ ಉಂಟು. ಹೆಣ್ಣುಮಗಳು ಏನು ತೊಡಬೇಕೆಂಬುದನ್ನು ಬಾವುಟದ ಹಾಗೆ ಎತ್ತಿ ಹಿಡಿಯುತ್ತಾರೆ. ಜೀನ್ಸಿನ ಪರವಾಗಿ ಗಂಟಲು ಹರಿದುಕೊಂಡವರು ಹಿಜಾಬಿನ ವೇಳೆಗೆ ತಣ್ಣಗಾದದ್ದುಂಟು. ಹಿಜಾಬಿನ ಹಕ್ಕನ್ನು ಸಾರಿದವರು ಸ್ವಂತ ಮನೆಯ ಮಗಳ ಜೀನ್ಸಿಗೆ ಹುಬ್ಬು ಗಂಟಿಕ್ಕಿದ್ದೂ ಉಂಟು. ನಮ್ಮ ವರ್ತಕ ಮಿತ್ರರೂ ಇದರಿಂದ ಹೊರಗಿಲ್ಲ. ಬೆಳಗ್ಗೆ ಗಲ್ಲಾದ ಮುಂದೆ ಕೂತು ಹರಿದ ಜೀನ್ಸನ್ನು ‘ಹೊಸ ಮಾಲು’ ಎಂದು ಮಾರುವವರು, ಸಂಜೆ ಸಭೆಯಲ್ಲಿ ಅದರ ವಿರುದ್ಧದ ಭಾಷಣಕ್ಕೆ ಚಪ್ಪಾಳೆ ತಟ್ಟುವುದನ್ನು ನಾವು ಕಂಡಿದ್ದೇವೆ.

ಇನ್ನು ಪಾಠದ ಸಂಗತಿ. 2005ರಲ್ಲಿ ಕೇಂದ್ರದ ಶಿಕ್ಷಣ ಖಾತೆ ಮತ್ತು ಏಡ್ಸ್ ನಿಯಂತ್ರಣ ಸಂಸ್ಥೆಗಳು ಕೂಡಿ ‘ಹದಿಹರೆಯದ ಶಿಕ್ಷಣ ಕಾರ್ಯಕ್ರಮ’ವೊಂದನ್ನು ತಂದವು. ಮೈಯಲ್ಲಾಗುವ ಬದಲಾವಣೆ, ರೋಗ ಹರಡುವ ಬಗೆ, ಒತ್ತಾಯ ಬಂದಾಗ ಒಲ್ಲೆನೆನ್ನುವ ಧೈರ್ಯ, ಇವು ಅದರ ಪಾಠಗಳು. ಶಿಕ್ಷಕರಿಗೆಂದು ಮಾಡಿದ ಕೆಲವು ಚಿತ್ರಗಳ ಮೇಲೆ ಗದ್ದಲವೆದ್ದಿತು. 2007ರಲ್ಲಿ ರಾಜ್ಯಗಳು ಒಂದರ ಹಿಂದೊಂದು ಅದನ್ನು ತಡೆದವು.

ಯಾರು ತಡೆದರು? ಇಲ್ಲಿ ಕಿವಿಗೊಟ್ಟು ಕೇಳಬೇಕು. ಭಾರತೀಯ ಜನತಾ ಪಕ್ಷದ ಮಧ್ಯಪ್ರದೇಶ ತಡೆಯಿತು. ಕೇಂದ್ರದಲ್ಲಿ ಕಾಂಗ್ರೆಸ್ಸು ತಂದ ಪಾಠವನ್ನು ಕಾಂಗ್ರೆಸ್ಸಿನದೇ ನಾಯಕತ್ವದ ಮಹಾರಾಷ್ಟ್ರ ತಡೆಯಿತು. ಎಡರಂಗದ ಕೇರಳವೂ ಆ ಪಟ್ಟಿಯಲ್ಲಿ ಸೇರಿತು. ಕರ್ನಾಟಕದಲ್ಲಿ ತಡೆದದ್ದು ಜಾತ್ಯತೀತ ಜನತಾದಳ ಮತ್ತು ಭಾರತೀಯ ಜನತಾ ಪಕ್ಷಗಳ ಕೂಡುಸರ್ಕಾರ. ಸಮಾಜವಾದಿ ಪರಂಪರೆಯ ಹೆಸರು ಹೇಳುವವರೂ ಅದರಲ್ಲಿದ್ದರೆಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಾಗುತ್ತದೆ. 2009ರಲ್ಲಿ ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವೇ ಬೇಡವೆಂದಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ, ಅದೇ ಭಾರತೀಯ ಜನತಾ ಪಕ್ಷದ ಕೇಂದ್ರ ಸರ್ಕಾರ ‘ಆಯುಷ್ಮಾನ್ ಭಾರತ್’ ಹೆಸರಿನಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ತಂದಿತು. ಅದರ 11 ವಿಷಯಗಳಲ್ಲಿ ಸಂತಾನಾರೋಗ್ಯವೂ ಏಡ್ಸ್ ತಡೆಯೂ ಸೇರಿವೆ. ವಿರೋಧಪಕ್ಷದಲ್ಲಿದ್ದಾಗ ಸಂಸ್ಕೃತಿಗೆ ಕುತ್ತೆನಿಸಿದ್ದು ಆಡಳಿತಕ್ಕೆ ಬಂದಾಗ ಆರೋಗ್ಯವಾಯಿತು. ಪಾಠ ತಪ್ಪೆಂದೋ ಸರಿಯೆಂದೋ ಇವರು ತೂಗಿ ನೋಡಲಿಲ್ಲ. ಅದು ಯಾರ ಕೈಯಿಂದ ಬಂದಿತೆಂದಷ್ಟೇ ನೋಡಿದರು.

‘ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇಲ್ಲ’ ಎನ್ನುವವರುಂಟು. ಬಂಧುಗಳೆ, ಹುಡುಗಿ ಮೈನೆರೆದಾಗ ನೆಂಟರಿಷ್ಟರನ್ನು ಕರೆದು, ಚಿಗಳಿ ತಂಬಿಟ್ಟು ಹಂಚಿ, ಹಸೆಯ ಮೇಲೆ ಕೂರಿಸಿ ಆರತಿ ಬೆಳಗಿದವರು ನಾವಲ್ಲವೆ? ಊರಿಗೆಲ್ಲ ಸಾರುತ್ತೇವೆ, ಆದದ್ದೇನೆಂದು ಆ ಹುಡುಗಿಗೆ ಮಾತ್ರ ಹೇಳುವುದಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದಿತ್ತು. ಡಾ. ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’ ಕನ್ನಡದ ಎಷ್ಟೋ ಮನೆಗಳಲ್ಲಿ ಕೈಯಿಂದ ಕೈಗೆ ದಾಟಿದೆ. ಹಾಗಿರುವಾಗ ಈ ತಿಳಿವಳಿಕೆ ಎಲ್ಲಿಂದಲೋ ಆಮದಾದ ಮಾಲು ಎನ್ನುವುದು ಸರಿಯಲ್ಲ.

ಮೌನದ ಬೆಲೆ ಎಷ್ಟೆಂದು ಲೆಕ್ಕ ಕೇಳುತ್ತೀರಾ? 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯೇ ಪ್ರಕಟಿಸಿದ ಅಧ್ಯಯನದಲ್ಲಿ, ಕೇಳಿದ ಮಕ್ಕಳ ಪೈಕಿ ನೂರಕ್ಕೆ 53 ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಸಿಕ್ಕಿದ್ದರು. ಹುಡುಗರೂ ಅದರಲ್ಲಿದ್ದರು. ಕೆಟ್ಟವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಪಾಠ ತಡೆದದ್ದೂ ಅದೇ 2007ರಲ್ಲಿ ಎಂಬುದನ್ನು ಮರೆಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 23 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹದಿನಾರರ ಹುಡುಗಿಗೆ ತಾಳಿ ಕಟ್ಟಿಸಬಹುದು, ಪಾಠ ಹೇಳಬಾರದು ಎಂದರೆ ಅದು ಎಂಥ ನ್ಯಾಯ?

ನಮ್ಮ ಮನೆಯದೇ ಒಂದು ಮಾತು ಹೇಳುತ್ತೇವೆ. ಮಗಳು ದೊಡ್ಡವಳಾದ ದಿನ, ತನಗೇನೋ ದೊಡ್ಡ ರೋಗ ಬಂದಿತೆಂದು ಬಚ್ಚಲುಮನೆಯ ಚಿಲಕ ಹಾಕಿಕೊಂಡು ಅತ್ತಳು. ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ಆ ಹೊತ್ತಿನಲ್ಲಿ ನಾವು ಹಕ್ಕುಗಳ ಬಗ್ಗೆ ಎಲ್ಲೋ ಭಾಷಣ ಮಾಡುತ್ತಿದ್ದೆವು. ‘ಮೊದಲೇ ಯಾಕಪ್ಪ ಯಾರೂ ಹೇಳಲಿಲ್ಲ?’ ಎಂದು ಅವಳು ಆಮೇಲೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದೂ ಇಲ್ಲ.

ಬಟ್ಟೆ ಕಣ್ಣಿಗೆ ಕಾಣುತ್ತದೆ. ಅಳತೆ ಹಿಡಿಯುವುದು ಸುಲಭ, ಅದರ ಮೇಲೆ ಓಟು ಕೇಳುವುದೂ ಸುಲಭ. ಚಿಲಕ ಹಾಕಿಕೊಂಡು ಅಳುವ ಮಗು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಪಕ್ಷಗಳು ಬಟ್ಟೆಯನ್ನು ಹಿಡಿದುಕೊಂಡಿವೆ, ಮಗುವನ್ನು ಬಿಟ್ಟಿವೆ.

ತಂದೆತಾಯಿಗಳ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎಳೆಯರ ಮುಂದೆ ಅಳತೆ ಮೀರಿದ ಚಿತ್ರ ಇಟ್ಟರೆ ಗತಿಯೇನು ಎಂದು ಕೇಳುವುದು ಅವರ ಹಕ್ಕು. ಹಾಗಿದ್ದರೆ ಪುಸ್ತಕವನ್ನು ಮೊದಲು ಪೋಷಕರಿಗೆ ತೋರಿಸಲಿ. ವಯಸ್ಸಿಗೆ ತಕ್ಕಂತೆ ಪಾಠ ಹಂಚಲಿ. ಹುಡುಗಿಯರಿಗೆ ಶಿಕ್ಷಕಿಯರು ಹೇಳಲಿ. ಶಾಲೆ ಬಾಯಿ ಮುಚ್ಚಿದರೂ ಮಗುವಿನ ಕೈಯಲ್ಲಿರುವ ಫೋನು ಬಾಯಿ ಮುಚ್ಚುವುದಿಲ್ಲ. ಕಲಿಸುವವರು ಗುರುಗಳೋ ಫೋನಿನ ಹೊಲಸೋ ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೂ ಲೈಂಗಿಕ ಶಿಕ್ಷಣದ ಅಗತ್ಯವನ್ನು ಸ್ಪಷ್ಟವಾಗಿ ಹೇಳಿದೆ.

ಕೊನೆಗೆ ನಾವು ಮಾಡಬೇಕಾದ್ದು. ಗಿರಣಿಯ ಬಂಧುಗಳು ಮುಂದಿನ ವಾರ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ, ಆರೋಗ್ಯದ ಪಾಠ ನಿಜವಾಗಿ ನಡೆಯುತ್ತಿದೆಯೇ, ಕಾಗದದ ಮೇಲಷ್ಟೇ ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿರಿ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆಯಿರಿ. ವರ್ತಕ ಮಿತ್ರರಲ್ಲಿ ಒಂದು ಸಣ್ಣ ವಿನಂತಿ. ಹೆಣ್ಣುಮಕ್ಕಳ ಪ್ಯಾಡಿನ ಮೇಲೆ 2017ರಲ್ಲಿ ಹಾಕಿದ್ದ ನೂರಕ್ಕೆ 12ರ ತೆರಿಗೆಯನ್ನು ಜನ ದನಿಯೆತ್ತಿದ್ದರಿಂದ 2018ರಲ್ಲಿ ತೆಗೆದರು. ಸರ್ಕಾರ ತೆರಿಗೆ ತೆಗೆಯಿತು. ನಾವಿನ್ನೂ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕರಿ ಕವರಿನಲ್ಲಿ ಹಾಕಿ, ಕಳ್ಳಮಾಲಿನಂತೆ ಕೊಡುತ್ತಿದ್ದೇವೆ. ನಾಳೆಯಿಂದ ಸೋಪು ಕೊಟ್ಟಂತೆ ಕೊಡಿರಿ. ಆ ಕರಿ ಕವರು ಒಂದು ಪಾಠವೇ. ‘ನಿನ್ನ ಮೈ ನಾಚಿಕೆಯ ವಸ್ತು’ ಎಂದು ಅದು ಮಗುವಿಗೆ ಕಲಿಸುತ್ತದೆ.

ಮುಂದಿನ ಚುನಾವಣೆಯಲ್ಲಿ ಯಾವ ಪಕ್ಷದವರೇ ಬಂದು ಹೆಣ್ಣುಮಕ್ಕಳ ಉಡುಪಿನ ಬಗ್ಗೆ ಭಾಷಣ ಬಿಗಿದರೂ ಒಂದೇ ಪ್ರಶ್ನೆ ಕೇಳಿರಿ: ‘ಸ್ವಾಮಿ, ಬಟ್ಟೆಯ ಮಾತು ಇರಲಿ. ನಮ್ಮ ಶಾಲೆಯ ಮಕ್ಕಳಿಗೆ ಪಾಠ ಯಾವಾಗ?’ ಉತ್ತರ ಕೊಡುವವರೆಗೆ ವೇದಿಕೆಯಿಂದ ಇಳಿಯಲು ಬಿಡಬೇಡಿ.